ಚರಿತ್ರೆಯೇ, ಚರಂಡಿಯೇ: ಕಾವೊಶುಂಗ್ ಮೇಯರ್ ಆಗಿದ್ದ ಚೆನ್ ಚು ಕುರಿತು ಒಂದು ಚರ್ಚೆ

ಹಿನ್ನೀರು

ತೈವಾನ್ ಎಂದ ಕೂಡಲೇ ನಮ್ಮಲ್ಲಿ ಮಾತು ಚಿಪ್ ಕಾರ್ಖಾನೆಗೋ ಚೀನಾದ ಯುದ್ಧನೌಕೆಗಳಿಗೋ ಹೊರಳುತ್ತದೆ. ಅಲ್ಲಿಯೂ ರಸ್ತೆ ಗುಂಡಿ ಬೀಳುತ್ತದೆ, ಮಳೆ ನೀರು ಮನೆಗೆ ನುಗ್ಗುತ್ತದೆ, ಅದಕ್ಕೆ ಯಾರನ್ನೋ ಬೈಯಬೇಕಾಗುತ್ತದೆ ಎಂಬುದು ಯಾರ ನೆನಪಿಗೂ ಬರುವುದಿಲ್ಲ. ಹಾಗಾಗಿ ದ್ವೀಪದ ದಕ್ಷಿಣ ತುದಿಯ ಬಂದರು ನಗರ ಕಾವೊಶುಂಗ್ ಅನ್ನು 2006ರಿಂದ 2018ರವರೆಗೆ ಆಳಿದ ಚೆನ್ ಚು ಅವರ ಬಗ್ಗೆ ಈ ಚರ್ಚೆ ತೆರೆಯುತ್ತಿದ್ದೇನೆ.

ಮೊದಲು ಅವರ ಹಿನ್ನೆಲೆ. ಹುಟ್ಟಿದ್ದು 1950ರಲ್ಲಿ, ಈಶಾನ್ಯದ ಯಿಲಾನ್ ಜಿಲ್ಲೆಯ ಸಾನ್‌ಶಿಂಗ್ ಎಂಬ ಬೇಸಾಯದ ಊರಿನಲ್ಲಿ. ಆಗ ಇಡೀ ದ್ವೀಪ ಸೇನಾ ಕಾನೂನಿನ ಅಡಿಯಲ್ಲಿತ್ತು. 1949ರಲ್ಲಿ ಬಂದ ಆ ಕಾನೂನು ಹೋದದ್ದು 1987ರಲ್ಲಿ. ಆಗ ಆಳುತ್ತಿದ್ದ ಕುವೊಮಿಂಟಾಂಗ್ ಪಕ್ಷಕ್ಕೆ ಸವಾಲು ಹಾಕುವಂತಹ ಪಕ್ಷ ಕಟ್ಟುವುದು ಅಪರಾಧವಾಗಿದ್ದ ಕಾಲವದು. 19ರ ಹರೆಯದಲ್ಲಿ ಚೆನ್ ಚು ಯಿಲಾನಿನ ವಿರೋಧಿ ರಾಜಕಾರಣಿ ಕುವೊ ಯು-ಶಿನ್ ಅವರ ಕಾರ್ಯದರ್ಶಿಯಾಗಿ ಸೇರಿದರು. 1977ರಲ್ಲಿ ಕುವೊ ಅಮೆರಿಕಕ್ಕೆ ಹೊರಟುಹೋದರು, ಈ ಹುಡುಗಿ ಉಳಿದುಕೊಂಡಳು. ಜೈಲಿನಲ್ಲಿರುವ ರಾಜಕೀಯ ಕೈದಿಗಳ ಹೆಸರು ಕಲೆಹಾಕಿ ವಿದೇಶದ ಮಾನವ ಹಕ್ಕು ಸಂಘಟನೆಗಳಿಗೆ ಮುಟ್ಟಿಸುವ ಕೆಲಸದಲ್ಲಿ ತೊಡಗಿದ್ದರು. 1978ರಲ್ಲಿ ಒಮ್ಮೆ ಬಂಧನವಾಯಿತು, ಹೊರಗಿನ ಒತ್ತಡದಿಂದ ಬಿಡುಗಡೆಯೂ ಆಯಿತು. ಮರುವರ್ಷ 'ಮೇಲಿದಾವ್' ಪತ್ರಿಕೆ ಶುರುವಾದಾಗ ಅದರ ಕಾವೊಶುಂಗ್ ಕಚೇರಿಯ ಹೊಣೆ ಹೊತ್ತವರಲ್ಲಿ ಇವರೂ ಒಬ್ಬರು. ಹೆಸರಿಗೆ ಪತ್ರಿಕೆ, ಒಳಗೆ ಪಕ್ಷವೇ.

1979ರ ಡಿಸೆಂಬರ್ 10, ಮಾನವ ಹಕ್ಕುಗಳ ದಿನ. ಕಾವೊಶುಂಗ್‌ನಲ್ಲಿ ಸಭೆ ನಡೆಯಬೇಕಿದ್ದ ಉದ್ಯಾನವನ್ನು ಪೊಲೀಸರು ಮುಚ್ಚಿದರು, ಜನ ಹತ್ತಿರದ ವೃತ್ತದಲ್ಲಿ ಸೇರಿದರು, ಘರ್ಷಣೆಯಾಯಿತು. 1980ರ ಮಾರ್ಚ್‌ನಲ್ಲಿ ರಾಜಧಾನಿ ತೈಪೆ ಬಳಿಯ ಜಿಂಗ್‌ಮೇ ಸೇನಾ ನ್ಯಾಯಾಲಯದಲ್ಲಿ ಎಂಟು ಮಂದಿಯ ವಿಚಾರಣೆ ನಡೆಯಿತು. ಮರಣದಂಡನೆಯೇ ಖಚಿತವೆಂದು ಭಾವಿಸಿ ಚೆನ್ ಚು ಉಯಿಲು ಬರೆದಿಟ್ಟಿದ್ದರು. ಆಗಿದ್ದು 12 ವರ್ಷದ ಶಿಕ್ಷೆ. ಆರು ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದು 1986ರಲ್ಲಿ ಹೊರಬಂದರು. ಅದೇ ವರ್ಷ ಡೆಮಾಕ್ರಟಿಕ್ ಪ್ರೊಗ್ರೆಸಿವ್ ಪಕ್ಷ (ಮುಂದೆ ಡಿಪಿಪಿ ಎನ್ನುತ್ತೇನೆ) ಹುಟ್ಟಿತು.

ಇವರ ಬಗ್ಗೆ ಬರೆಯುವವರೆಲ್ಲ ಈ ಜೈಲಿನ ಕಥೆಯಲ್ಲೇ ಮುಳುಗಿಬಿಡುತ್ತಾರೆ. ನನ್ನ ವಾದ ಬೇರೆ. ಜೈಲಿನ ಚರಿತ್ರೆ ಬಾಗಿಲು ತೆರೆಸಿತು, ಅಷ್ಟೇ. ಹನ್ನೆರಡು ವರ್ಷ ಕುರ್ಚಿಯಲ್ಲಿ ಉಳಿಸಿದ್ದು ಮತ್ತು ಕೊನೆಗೆ ಅವರ ಪಕ್ಷವನ್ನು ಅದೇ ಕುರ್ಚಿಯಿಂದ ಇಳಿಸಿದ್ದು ಚರಂಡಿ, ರಸ್ತೆ, ಮೆಟ್ರೊ, ಸಾಲದ ಲೆಕ್ಕ. ಒಪ್ಪದವರು ಬರೆಯಿರಿ.

ಕಡಲತಡಿ

ಹಿನ್ನೀರು ಅವರೇ, ಅರ್ಧ ಒಪ್ಪುತ್ತೇನೆ. ಕಾವೊಶುಂಗ್‌ನಲ್ಲಿ ಓದಿದವನು ನಾನು, ಆ ಊರಿನಲ್ಲಿ ಚರಿತ್ರೆಯನ್ನೂ ಚರಂಡಿಯನ್ನೂ ಬೇರೆ ಬೇರೆ ಮಾಡುವುದು ಕಷ್ಟ. ನೀವು ಹೇಳಿದ ಆ ವೃತ್ತ ಈಗ ಏನಾಗಿದೆ ಗೊತ್ತೇ? ಅದರ ಕೆಳಗೆ ಮೆಟ್ರೊದ ಕೆಂಪು ಮತ್ತು ಕಿತ್ತಳೆ ಮಾರ್ಗಗಳು ಕೂಡುವ ನಿಲ್ದಾಣವಿದೆ. ನಿಲ್ದಾಣದ ಹೆಸರು ಮೇಲಿದಾವ್, ಅಂದರೆ ಆ ಪತ್ರಿಕೆಯ ಹೆಸರೇ. ಒಳಗೆ 30 ಮೀಟರ್ ಅಗಲದ ಬಣ್ಣದ ಗಾಜಿನ ಛಾವಣಿ, ಇಟಲಿ ಮೂಲದ ಕಲಾವಿದ ನಾರ್ಸಿಸಸ್ ಕ್ವಾಲಿಯಾಟಾ ಮಾಡಿದ್ದು. ಕೆಂಪು ಕಂಬವೊಂದು, ನೀಲಿ ಕಂಬವೊಂದು ಅದನ್ನು ಹೊತ್ತು ನಿಂತಂತೆ ಕಾಣುತ್ತದೆ. ಪ್ರವಾಸಿಗಳು ನೆಲದ ಮೇಲೆ ಅಂಗಾತ ಮಲಗಿ ಚಿತ್ರ ತೆಗೆಯುತ್ತಾರೆ. ಮೇಲೆ ಒಂದು ಕಾಲದಲ್ಲಿ ಲಾಠಿ, ಅಶ್ರುವಾಯು ನಡೆದಿತ್ತೆಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ಕೆಂಪು ಮಾರ್ಗ ಓಡಲು ಶುರುವಾದದ್ದು 2008ರ ಮಾರ್ಚ್‌ನಲ್ಲಿ, ಮೇಯರ್ ಕುರ್ಚಿಯಲ್ಲಿ ಚೆನ್ ಚು ಇದ್ದಾಗ. ವೃತ್ತದಲ್ಲಿ ಜನ ಸೇರಿಸಿದ್ದಕ್ಕೆ ಜೈಲಿಗೆ ಹೋದ ಹೆಣ್ಣುಮಗಳು ಅದೇ ವೃತ್ತದ ಕೆಳಗೆ ರೈಲು ಓಡಿಸಿದರು. ಇದು ಮತದಾರರ ಮನಸ್ಸಿನಲ್ಲಿ ಕೆಲಸ ಮಾಡಲಿಲ್ಲ ಎಂದರೆ ನಾನು ನಂಬಲಾರೆ.

ಲೆಕ್ಕಪತ್ರ

ಮೆಟ್ರೊ ಅವರು ಕಟ್ಟಿದ್ದಲ್ಲ, ಅವರ ಕಾಲದಲ್ಲಿ ಮುಗಿದದ್ದು. ಕೆಲಸ ಶುರು ಮಾಡಿಸಿದ್ದು ಹಿಂದಿನ ಮೇಯರ್ ಫ್ರಾಂಕ್ ಶಿಯೆ. ಊರಿನ ಲವ್ ನದಿಯ ಶುದ್ಧೀಕರಣವೂ ಅಷ್ಟೇ, ಹಲವು ಮೇಯರ್‌ಗಳ ಬೆವರು. ರಿಬ್ಬನ್ ಕತ್ತರಿಸಿದವರ ಹೆಸರೇ ಉಳಿಯುವುದು ಎಲ್ಲ ದೇಶದಲ್ಲೂ ಒಂದೇ.

ಇನ್ನು ಮತದಾರರ ಮನಸ್ಸು ಎಂದಿರಿ. 2006ರ ಡಿಸೆಂಬರ್‌ನ ಲೆಕ್ಕ ನೋಡಿ: ಚೆನ್ ಚು 3,79,417, ಕುವೊಮಿಂಟಾಂಗ್‌ನ ಹುವಾಂಗ್ ಚುನ್-ಯಿಂಗ್ 3,78,303. ಅಂತರ 1,114 ಮತ. ಅಷ್ಟು ದೊಡ್ಡ ಜೈಲು ಚರಿತ್ರೆಗೆ ಸಿಕ್ಕ ಬಹುಮತ ಇದು. ಅದೂ ಹೇಗೆ? ಮತದಾನದ ಹಿಂದಿನ ರಾತ್ರಿ ಪ್ರಚಾರದ ಸಮಯ ಮುಗಿಯುವ ಹೊತ್ತಿಗೆ ಅವರ ಪಾಳೆಯ ಪತ್ರಿಕಾಗೋಷ್ಠಿ ಕರೆದು, ಎದುರಾಳಿಯ ಸಭೆಗೆ ಬಸ್‌ನಲ್ಲಿ ಬಂದವರಿಗೆ ತಲಾ 500 ತೈವಾನ್ ಡಾಲರ್ ಹಂಚಲಾಗಿದೆ ಎಂದು ಆರೋಪಿಸಿತು. ಉತ್ತರ ಕೊಡಲು ಎದುರಾಳಿಗೆ ಹೊತ್ತೇ ಉಳಿದಿರಲಿಲ್ಲ. ಹುವಾಂಗ್ ನ್ಯಾಯಾಲಯಕ್ಕೆ ಹೋದರು. 2007ರ ಜೂನ್‌ನಲ್ಲಿ ಜಿಲ್ಲಾ ನ್ಯಾಯಾಲಯ ಆಯ್ಕೆಯನ್ನೇ ಅಸಿಂಧು ಎಂದಿತು. ನವೆಂಬರ್‌ನಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿದ್ದರಿಂದ ಕುರ್ಚಿ ಉಳಿಯಿತು. ಹೊಗಳುವವರು ಈ ಅಧ್ಯಾಯವನ್ನು ಹಾರಿಸಿಬಿಡುತ್ತಾರೆ.

ದಾರಿಹೋಕ

ಮಧ್ಯೆ ಒಂದು ಅಜ್ಞಾನದ ಪ್ರಶ್ನೆ. ಅಲ್ಲಿ ಮೇಯರ್ ಅನ್ನು ಜನರೇ ನೇರವಾಗಿ ಆರಿಸುತ್ತಾರೆಯೇ? ಹನ್ನೆರಡು ವರ್ಷ ಎಂದರೆ ಮೂರು ಅವಧಿ. ಮಿತಿ ಇಲ್ಲವೇ?

ಹಿನ್ನೀರು

ನೇರ ಚುನಾವಣೆಯೇ. ತೈಪೆ, ಕಾವೊಶುಂಗ್‌ಗಳಲ್ಲಿ 1994ರಿಂದ ಹೀಗೆ. ಅವಧಿ ನಾಲ್ಕು ವರ್ಷ, ಸತತ ಎರಡೇ ಅವಧಿ ಎಂಬ ಮಿತಿಯೂ ಇದೆ. ಚೆನ್ ಚು ಅವರಿಗೆ ಮೂರು ಸಿಕ್ಕಿದ್ದಕ್ಕೆ ಕಾರಣ 2010ರ ಡಿಸೆಂಬರ್ 25ರ ವಿಲೀನ: ಹಳೆಯ ಕಾವೊಶುಂಗ್ ನಗರ ಮತ್ತು ಸುತ್ತಲಿನ ಕಾವೊಶುಂಗ್ ಜಿಲ್ಲೆ ಒಂದಾಗಿ ಹೊಸ ಮಹಾನಗರವಾಯಿತು, ಅವಧಿಯ ಎಣಿಕೆ ಮತ್ತೆ ಒಂದರಿಂದ ಶುರುವಾಯಿತು. ಹೊಸ ನಗರ ಎಂದರೆ ಬಂದರಿನಿಂದ ಹಿಡಿದು ಯುಶಾನ್ ಪರ್ವತದ ಮಗ್ಗುಲಿನವರೆಗೆ ಸುಮಾರು 2,950 ಚದರ ಕಿಲೋಮೀಟರ್, 38 ವಾರ್ಡು-ತಾಲ್ಲೂಕುಗಳು, 27 ಲಕ್ಷಕ್ಕೂ ಹೆಚ್ಚು ಜನ. ಹಡಗುಕಟ್ಟೆಯ ಕಾರ್ಮಿಕ, ಪೇರಲ ಬೆಳೆಯುವ ರೈತ, ಬೆಟ್ಟದ ಮೂಲನಿವಾಸಿ ಎಲ್ಲರಿಗೂ ಒಬ್ಬರೇ ಮೇಯರ್.

ದಾರಿಹೋಕ

ಧನ್ಯವಾದ. ಬೆಂಗಳೂರಿನಲ್ಲಿ ಮೇಯರ್ ಎಂದರೆ ಒಂದು ವರ್ಷದ ಗೌನು ಮತ್ತು ಸರವಾಗಿತ್ತು; ಬಿಬಿಎಂಪಿಯ ಕೊನೆಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. ಹೊಟ್ಟೆ ಉರಿದು ಕೇಳಿದೆ. ಮುಂದುವರಿಸಿ.

ದುಡಿಮೆ

ಮೇಯರ್ ಆಗುವ ಮೊದಲಿನ ಅವರ ಕೆಲಸವನ್ನು ಎಲ್ಲರೂ ಹಾರಿಸಿದ್ದೀರಿ. ನನ್ನ ಮಟ್ಟಿಗೆ ಅದೇ ಮುಖ್ಯ. ಬಿಡುಗಡೆಯಾದ ಮೇಲೆ ಮಾನವ ಹಕ್ಕು ಸಂಘಟನೆ. 90ರ ದಶಕದಲ್ಲಿ ತೈಪೆ ನಗರದ ಸಮಾಜ ಕಲ್ಯಾಣ ಇಲಾಖೆ, ಆಮೇಲೆ ಕಾವೊಶುಂಗ್‌ನಲ್ಲಿ ಅದೇ ಇಲಾಖೆ. 2000ದಲ್ಲಿ ಡಿಪಿಪಿ ಮೊದಲ ಬಾರಿ ಅಧ್ಯಕ್ಷ ಪದವಿ ಗೆದ್ದಾಗ ಇವರು ರಾಷ್ಟ್ರದ ಕಾರ್ಮಿಕ ಮಂಡಳಿಯ ಮುಖ್ಯಸ್ಥೆ, ಅಂದರೆ ಕಾರ್ಮಿಕ ಸಚಿವೆಯೇ. ಐದು ವರ್ಷದಲ್ಲಿ ಆದದ್ದು ನೋಡಿ. ಎರಡು ವಾರಕ್ಕೆ 84 ಗಂಟೆ ಕೆಲಸದ ಮಿತಿ ಜಾರಿಯಾಯಿತು. 2002ರಲ್ಲಿ ಉದ್ಯೋಗದಲ್ಲಿ ಗಂಡು-ಹೆಣ್ಣಿನ ಸಮಾನತೆಯ ಕಾಯಿದೆ ಬಂತು. 2005ರ ಜುಲೈ 1ರಿಂದ ಹೊಸ ಪಿಂಚಣಿ ಪದ್ಧತಿ: ಮಾಲೀಕ ಸಂಬಳದ ಕನಿಷ್ಠ ಶೇ 6ರಷ್ಟನ್ನು ಕಾರ್ಮಿಕನ ಸ್ವಂತ ಖಾತೆಗೆ ಹಾಕಬೇಕು, ಕೆಲಸ ಬಿಟ್ಟರೂ ಹಣ ಅವನ ಜೊತೆಯೇ ಹೋಗುತ್ತದೆ. ಅದಕ್ಕೂ ಮುಂಚೆ ಒಂದೇ ಕಂಪನಿಯಲ್ಲಿ ದಶಕಗಳ ಕಾಲ ಸವೆಯದಿದ್ದರೆ ಕೈಗೆ ಏನೂ ಸಿಗುತ್ತಿರಲಿಲ್ಲ. ಸಣ್ಣ ಕಾರ್ಖಾನೆಗಳು ಅಷ್ಟು ವರ್ಷ ಬದುಕುತ್ತಲೇ ಇರಲಿಲ್ಲ. ಈ ಒಂದು ಕಾನೂನು ಜೈಲಿನ ಆರು ವರ್ಷಕ್ಕಿಂತ ಹೆಚ್ಚು ಮನೆಗಳನ್ನು ಮುಟ್ಟಿದೆ.

ಅದಾಗಿ ಎರಡು ತಿಂಗಳೂ ತುಂಬಿರಲಿಲ್ಲ, 2005ರ ಆಗಸ್ಟ್ 21ರ ರಾತ್ರಿ ಕಾವೊಶುಂಗ್ ಮೆಟ್ರೊ ಕಾಮಗಾರಿಗೆ ಬಂದಿದ್ದ ಥಾಯ್ ಕಾರ್ಮಿಕರು ಗಾಂಗ್‌ಶಾನ್‌ನ ತಮ್ಮ ವಸತಿಗೇ ಬೆಂಕಿ ಹಚ್ಚಿದರು. ಮೊಬೈಲ್ ಇಟ್ಟುಕೊಳ್ಳುವಂತಿಲ್ಲ, ವಸತಿಯೊಳಗಿನ ಅಂಗಡಿಯಲ್ಲಿ ನಗದಿನ ಬದಲು ಟೋಕನ್, ಓವರ್‌ಟೈಮ್ ಹಣದಲ್ಲಿ ಕಡಿತ. ಹೊಣೆ ಹೊತ್ತು ಚೆನ್ ಚು ರಾಜೀನಾಮೆ ಕೊಟ್ಟರು. ಕಾವೊಶುಂಗ್‌ನ ಹಂಗಾಮಿ ಮೇಯರ್ ಆಗಿದ್ದ ಚೆನ್ ಚಿ-ಮಾಯ್ ಕೂಡ ಇಳಿದರು. ಈ ಹೆಸರು ನೆನಪಿಡಿ, ಮುಂದೆ ಎರಡು ಬಾರಿ ಬರುತ್ತದೆ.

ಕಡಲತಡಿಯವರ ಗಾಜಿನ ಛಾವಣಿಯ ಕೆಳಗೆ ಈ ಕಥೆಯೂ ಇದೆ ಎಂದು ಹೇಳಲು ಬರೆದೆ.

ಕಡಲತಡಿ

ದುಡಿಮೆಯವರ ಮಾತಿಗೆ ಭಾರತದ ಬಾಲವೊಂದಿದೆ. 2024ರ ಫೆಬ್ರುವರಿಯಲ್ಲಿ ಭಾರತ ಮತ್ತು ತೈವಾನ್ ನಡುವೆ ಕಾರ್ಮಿಕರನ್ನು ಕಳುಹಿಸುವ ಒಪ್ಪಂದಕ್ಕೆ ಸಹಿಯಾಯಿತು. ಆಗಿನ ಕಾರ್ಮಿಕ ಸಚಿವೆ ಶು ಮಿಂಗ್-ಚುನ್, ಈಶಾನ್ಯ ಭಾರತದವರ ಮೈಬಣ್ಣ ಮತ್ತು ಊಟ ನಮಗೆ ಹತ್ತಿರ, ಮೊದಲು ಅವರನ್ನು ಕರೆಸಬಹುದು ಎಂಬರ್ಥದ ಮಾತಾಡಿ, ಗಲಾಟೆಯಾಗಿ, ಕ್ಷಮೆ ಕೇಳಿದರು. ಈ ಶು ಮಿಂಗ್-ಚುನ್ ಕಾವೊಶುಂಗ್‌ನಲ್ಲಿ ಚೆನ್ ಚು ಅವರ ಉಪಮೇಯರ್ ಆಗಿದ್ದವರು. ಚೆನ್ ಚು ಗರಡಿಯಿಂದ ಬಂದವರು ತೈಪೆಯಲ್ಲಿ ಎಲ್ಲೆಲ್ಲಿ ಕುಳಿತಿದ್ದಾರೆ ಎಂಬುದೇ ಪ್ರತ್ಯೇಕ ಚರ್ಚೆಯಾದೀತು.

ಲೆಕ್ಕಪತ್ರ

ಗರಡಿ ಎನ್ನುವುದು ಸೌಜನ್ಯದ ಮಾತು. ಅಲ್ಲಿನ ವಿರೋಧಿಗಳು ಅದನ್ನು ಬಣ ಎನ್ನುತ್ತಾರೆ.

ಹಿನ್ನೀರು

ಬಣ ಇಲ್ಲದೆ ಹನ್ನೆರಡು ವರ್ಷ ಆಳಿದವರನ್ನು ತೋರಿಸಿ, ಆಮೇಲೆ ಮಾತಾಡೋಣ.

2009ಕ್ಕೆ ಬರುತ್ತೇನೆ, ಏಕೆಂದರೆ ಒಬ್ಬ ಊರಿನ ಮೇಯರ್‌ಗೆ ವಿದೇಶಾಂಗ ವ್ಯವಹಾರ ಹೇಗೆ ಗಂಟುಬೀಳುತ್ತದೆ ಎಂಬುದು ಅಲ್ಲಿ ಕಾಣುತ್ತದೆ. ಆ ಜುಲೈನಲ್ಲಿ ಕಾವೊಶುಂಗ್‌ನಲ್ಲಿ ವಿಶ್ವ ಕ್ರೀಡಾಕೂಟ (ಒಲಿಂಪಿಕ್ಸ್‌ನಲ್ಲಿ ಇಲ್ಲದ ಆಟಗಳದ್ದು) ನಡೆಯಬೇಕಿತ್ತು. ಜಪಾನಿನ ವಾಸ್ತುಶಿಲ್ಪಿ ತೊಯೊ ಇತೊ ಕಟ್ಟಿಕೊಟ್ಟ ಕ್ರೀಡಾಂಗಣ ಸಿದ್ಧವಿತ್ತು. ಛಾವಣಿಯ ತುಂಬ 8,844 ಸೌರಫಲಕ. ಚೀನಾದ ತಂಡ ಬರುವಂತೆ ಮಾಡಲು ಮೇ ತಿಂಗಳಲ್ಲಿ ಚೆನ್ ಚು ಬೀಜಿಂಗ್‌ಗೇ ಹೋದರು. ಡಿಪಿಪಿಯ ಜೈಲುಹಕ್ಕಿ ಬೀಜಿಂಗ್‌ಗೆ ಹೋಗುವುದೇ ಸುದ್ದಿ. ಅಲ್ಲಿ ಬೀಜಿಂಗ್ ಮೇಯರ್ ಎದುರು ಕುಳಿತು 'ನಮ್ಮ ಅಧ್ಯಕ್ಷ ಮಾ ಯಿಂಗ್-ಜೊ' ಎಂದು ಹೆಸರಿಸಿ ಮಾತಾಡಿದರು. ಮಾ ಎದುರು ಪಕ್ಷದವರು; ಅವರಿಗೆ ಚೀನಾ ನೆಲದಲ್ಲಿ ಅಧ್ಯಕ್ಷ ಎಂಬ ಪದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಕುವೊಮಿಂಟಾಂಗ್‌ನವರೂ ನುಂಗಿಕೊಳ್ಳುತ್ತಿದ್ದರು. ಕ್ರೀಡಾಕೂಟ ನಡೆಯಿತು, ಮಾ ಉದ್ಘಾಟಿಸಿದರು, ಚೀನಾದ ಆಟಗಾರರು ಉದ್ಘಾಟನಾ ಸಮಾರಂಭಕ್ಕೆ ಬರದೆ ಆಟಕ್ಕೆ ಮಾತ್ರ ಬಂದರು.

ಆಗಸ್ಟ್ 8ಕ್ಕೆ ಮೊರಾಕೊಟ್ ಚಂಡಮಾರುತ. ಆಗಿನ್ನೂ ಪ್ರತ್ಯೇಕವಾಗಿದ್ದ ಕಾವೊಶುಂಗ್ ಜಿಲ್ಲೆಯ ಶಿಯಾವ್‌ಲಿನ್ ಎಂಬ ಹಳ್ಳಿಯನ್ನು ಗುಡ್ಡ ಕುಸಿದು ನುಂಗಿತು, ನಾನೂರಕ್ಕೂ ಹೆಚ್ಚು ಜನ ಮಣ್ಣಾದರು. ಸತ್ತವರಿಗಾಗಿ ಪ್ರಾರ್ಥಿಸಲು ಧರ್ಮಶಾಲೆಯಿಂದ ದಲೈ ಲಾಮಾ ಅವರನ್ನು ಕರೆಸಬೇಕೆಂದು ಚೆನ್ ಚು ಮತ್ತು ದಕ್ಷಿಣದ ಇತರ ಡಿಪಿಪಿ ಮುಖ್ಯಸ್ಥರು ಆಹ್ವಾನ ಕೊಟ್ಟರು. ಆಗಸ್ಟ್ ಕೊನೆಗೆ ಅವರು ಬಂದರು. ಮರುತಿಂಗಳೇ ಉಯಿಗುರ್ ನಾಯಕಿ ರೆಬಿಯಾ ಕದೀರ್ ಕುರಿತ ಸಾಕ್ಷ್ಯಚಿತ್ರ ಕಾವೊಶುಂಗ್‌ನಲ್ಲಿ ಪ್ರದರ್ಶನವಾಯಿತು. ಚೀನಾದ ಪ್ರವಾಸಿ ತಂಡಗಳು ಕಾವೊಶುಂಗ್ ಹೋಟೆಲ್‌ಗಳನ್ನು ರದ್ದುಮಾಡಿ ಬೇರೆ ಊರಿನಲ್ಲಿ ತಂಗತೊಡಗಿದವು.

ಲೆಕ್ಕಪತ್ರ

ಹೋಟೆಲ್ ಮಾಲೀಕರಿಗೆ ಆದ ನಷ್ಟವನ್ನು ಆದರ್ಶ ಭರಿಸಲಿಲ್ಲ ಎಂಬುದನ್ನೂ ಸೇರಿಸಿ. ಆ ಸಾಕ್ಷ್ಯಚಿತ್ರವನ್ನು ಊರಿನ ಚಲನಚಿತ್ರೋತ್ಸವದ ದಿನಗಳಿಂದ ಕಿತ್ತು ಮುಂಚೆಯೇ ತೋರಿಸಿ ಮುಗಿಸಿದ್ದು ಎರಡೂ ಕಡೆ ಕಾಲಿಡುವ ಉಪಾಯ. ಯಾರಿಗೂ ಸಮಾಧಾನವಾಗಲಿಲ್ಲ.

ನಿಮ್ಮ ಚರಂಡಿಯ ವಾದಕ್ಕೇ ಬನ್ನಿ. 2010ರ ಸೆಪ್ಟೆಂಬರ್ 19ರಂದು ಫನಾಪಿ ಚಂಡಮಾರುತ. ಊರಿನ ಉತ್ತರ ಭಾಗ ನೀರಿನಲ್ಲಿ ಮುಳುಗಿತ್ತು. ಮಧ್ಯಾಹ್ನ ಮೇಯರ್ ಎಲ್ಲಿದ್ದರು? ಸರ್ಕಾರಿ ನಿವಾಸಕ್ಕೆ ಹೋಗಿ ವಿಶ್ರಾಂತಿ ಪಡೆಯುತ್ತಿದ್ದರು. ವಿಷಯ ಹೊರಬಿದ್ದು ಕ್ಷಮೆ ಕೇಳಬೇಕಾಯಿತು. ಚುನಾವಣೆಗೆ ಉಳಿದಿದ್ದದ್ದು ಎರಡು ತಿಂಗಳು. ನವೆಂಬರ್ 27ರಂದು ಅದೇ ಜನ ಶೇ 52.8 ಮತ ಕೊಟ್ಟು ಗೆಲ್ಲಿಸಿದರು. ಹಾಗಾದರೆ ಚರಂಡಿ ನೋಡಿ ಮತ ಹಾಕುತ್ತಾರೆ ಎಂಬ ವಾದ ಎಲ್ಲಿ ನಿಂತಿತು?

ಹಿನ್ನೀರು

ಒಳ್ಳೆಯ ಪೆಟ್ಟು. ಎರಡು ಉತ್ತರ. ಒಂದು, ಎದುರಾಳಿಗಳು ಹಂಚಿಹೋಗಿದ್ದರು. ಜಿಲ್ಲೆಯ ಮುಖ್ಯಸ್ಥರಾಗಿದ್ದ ಯಾಂಗ್ ಚಿಯು-ಶಿಂಗ್, ವಿಲೀನವಾದ ನಗರದ ಟಿಕೆಟ್ ತಮಗೆ ಸಿಗದೆ ಚೆನ್ ಚು ಅವರಿಗೆ ಸಿಕ್ಕಿತೆಂದು ಡಿಪಿಪಿ ಬಿಟ್ಟು ಸ್ವತಂತ್ರರಾಗಿ ನಿಂತಿದ್ದರು. ಕುವೊಮಿಂಟಾಂಗ್‌ನ ಅಭ್ಯರ್ಥಿ ಮೂರನೆಯ ಸ್ಥಾನಕ್ಕೆ ಹೋದರು. ಇನ್ನೊಂದು, ನಿದ್ದೆಯ ವಿಷಯದಲ್ಲಿ ಜನ ಸಿಟ್ಟಾದದ್ದು ನಿಜ, ಆದರೆ ಮುಳುಗಡೆಗೆ ಬಂದ ಉತ್ತರ ಕ್ಷಮಾಪಣೆಯ ಭಾಷಣ ಮಾತ್ರವಾಗಿರಲಿಲ್ಲ. ಮುಂದಿನ ವರ್ಷಗಳಲ್ಲಿ ಊರಿನಲ್ಲಿ ಮಳೆನೀರು ತಡೆದು ಹಿಡಿಯುವ ಕೊಳಗಳನ್ನು ಒಂದೊಂದಾಗಿ ಕಟ್ಟಿದರು. ಸಾನ್‌ಮಿನ್ ಪ್ರದೇಶದ ಬೆನ್‌ಹೆಯಲ್ಲಿ ಪ್ರತಿ ಮಳೆಗೂ ಮನೆಯೊಳಗೆ ನೀರು ಬರುತ್ತಿತ್ತು. ಅಲ್ಲಿ ಈಗ ದೊಡ್ಡ ತಗ್ಗು ಉದ್ಯಾನ. ಒಣಗಿದ ದಿನ ಜನ ನಡೆದಾಡುತ್ತಾರೆ, ಬಿರುಮಳೆ ಬಂದಾಗ ನೀರನ್ನು ಅದಕ್ಕೆ ತಿರುಗಿಸುತ್ತಾರೆ. ರಾಜಕಾಲುವೆಯ ಮೇಲೆ ಮನೆ ಕಟ್ಟಿಕೊಂಡಿರುವ ನಾವು ಹೋಗಿ ನೋಡಬೇಕಾದದ್ದು ಗಾಜಿನ ಛಾವಣಿಯಲ್ಲ, ಆ ಹೊಂಡ.

ಪೈಪುಗಾರ

ಈ ವೇದಿಕೆಯಲ್ಲಿ ಹೆಚ್ಚು ಬರೆಯುವವನಲ್ಲ. ಪೈಪ್‌ಲೈನ್ ಸುರಕ್ಷತೆಯ ಕೆಲಸದಲ್ಲಿರುವವನು, ನಮ್ಮ ತರಬೇತಿಗಳಲ್ಲಿ ಕಾವೊಶುಂಗ್ ಎಂದರೆ ಒಂದೇ ಅರ್ಥ. ಇನ್ನೂ ಯಾರೂ ಅದನ್ನು ಎತ್ತಿಲ್ಲವಾದ್ದರಿಂದ ಬರೆಯುತ್ತೇನೆ.

2014ರ ಜುಲೈ 31ರ ರಾತ್ರಿ ಒಂಬತ್ತರ ಸುಮಾರಿಗೆ ಚಿಯೆನ್‌ಜೆನ್ ಭಾಗದಲ್ಲಿ ಚರಂಡಿಯ ಮುಚ್ಚಳಗಳಿಂದ ಬಿಳಿ ಹೊಗೆಯಂತಹದ್ದು ಏಳುತ್ತಿದೆ, ವಾಸನೆ ಬರುತ್ತಿದೆ ಎಂಬ ದೂರು. ಅಗ್ನಿಶಾಮಕ ದಳ ಬಂತು, ನೀರು ಹಾರಿಸಿತು. ಏನು ಸೋರುತ್ತಿದೆ, ಯಾರ ಕೊಳವೆಯಿಂದ ಸೋರುತ್ತಿದೆ ಎಂಬುದು ರಸ್ತೆಯಲ್ಲಿ ನಿಂತ ಯಾರಿಗೂ ಗೊತ್ತಿರಲಿಲ್ಲ. ಸೋರುತ್ತಿದ್ದದ್ದು ಪ್ರೊಪಿಲೀನ್, ಪ್ಲಾಸ್ಟಿಕ್ ತಯಾರಿಕೆಯ ಕಚ್ಚಾವಸ್ತು. ಗಾಳಿಗಿಂತ ಭಾರ, ಹಾಗಾಗಿ ಮೇಲೇರಿ ಚದುರಿಹೋಗದೆ ನೆಲಕ್ಕೆ ಅಂಟಿಕೊಂಡು ಭೂಗತ ಚರಂಡಿಯುದ್ದಕ್ಕೂ ಹರಿಯಿತು. ಬಂದರಿನ ಕಡೆಯಿಂದ ಪಂಪ್ ಮಾಡುತ್ತಿದ್ದವರಿಗೂ ಅತ್ತ ತುದಿಯಲ್ಲಿ ಎಲ್‌ಸಿವೈ ಎಂಬ ರಾಸಾಯನಿಕ ಕಂಪನಿಯ ಕಾರ್ಖಾನೆಗೂ ಹರಿವಿನಲ್ಲಿ ವ್ಯತ್ಯಾಸ ಕಂಡಿತ್ತು. ಒಮ್ಮೆ ನಿಲ್ಲಿಸಿ ಒತ್ತಡ ನೋಡಿ, ಮತ್ತೆ ಪಂಪ್ ಶುರು ಮಾಡಿದರು. ಮಧ್ಯರಾತ್ರಿಗೆ ಕೆಲವೇ ನಿಮಿಷ ಇದ್ದಾಗ ರಸ್ತೆಗಳೇ ಸ್ಫೋಟಿಸಿದವು. ಕಿಲೋಮೀಟರ್‌ಗಟ್ಟಲೆ ರಸ್ತೆ ಕಂದಕವಾಯಿತು, ಕಾರೊಂದು ಹಾರಿ ಕಟ್ಟಡದ ಮೇಲೆ ಬಿತ್ತು. ಸತ್ತವರು 32, ಗಾಯಗೊಂಡವರು 321. ಸತ್ತವರಲ್ಲಿ ನೀರು ಹಾರಿಸಲು ಬಂದ ಸಿಬ್ಬಂದಿಯೂ ಇದ್ದರು.

ಕಾರಣ ಅಗೆದು ನೋಡಿದಾಗ ಸಿಕ್ಕಿದ್ದು ನಮ್ಮ ವೃತ್ತಿಯವರ ನಿದ್ದೆ ಕೆಡಿಸುವಂತಹದ್ದು. ನಾಲ್ಕು ಅಂಗುಲದ ಆ ಕೊಳವೆ ಮಣ್ಣಿನೊಳಗೆ ಹೂತಿರಲಿಲ್ಲ. ನಗರಾಡಳಿತವೇ 90ರ ದಶಕದ ಆರಂಭದಲ್ಲಿ ಕಟ್ಟಿಸಿದ ಪೆಟ್ಟಿಗೆ ಚರಂಡಿಯೊಳಗೆ, ತೇವದ ಗಾಳಿಯಲ್ಲಿ ತೂಗಾಡುತ್ತಿತ್ತು. ಮಣ್ಣಿನಲ್ಲಿರುವ ಉಕ್ಕಿನ ಕೊಳವೆಗೆ ತುಕ್ಕು ಹಿಡಿಯದಂತೆ ಸಣ್ಣ ವಿದ್ಯುತ್ ಪ್ರವಾಹ ಕೊಟ್ಟು ಕಾಯುತ್ತೇವೆ. ಗಾಳಿಯಲ್ಲಿ ತೂಗುವ ಭಾಗಕ್ಕೆ ಆ ರಕ್ಷಣೆ ತಲುಪುವುದಿಲ್ಲ. ವರ್ಷಗಟ್ಟಲೆ ಹೊರಗಿನಿಂದ ಸವೆದು ಹಾಳೆಯಷ್ಟು ತೆಳ್ಳಗಾಗಿತ್ತು. 2018ರ ಮೇನಲ್ಲಿ ಜಿಲ್ಲಾ ನ್ಯಾಯಾಲಯ ಕಂಪನಿಯವರನ್ನೂ ಚರಂಡಿಯ ಹೊಣೆ ಹೊತ್ತಿದ್ದ ನಗರಾಡಳಿತದ ಮಾಜಿ ಅಧಿಕಾರಿಗಳನ್ನೂ ತಪ್ಪಿತಸ್ಥರೆಂದಿತು.

ಚೆನ್ ಚು ಮೇಲೆ ನೇರ ಕ್ರಿಮಿನಲ್ ಹೊಣೆ ಬರಲಿಲ್ಲ, ಚರಂಡಿ ಕಟ್ಟಿದ್ದು ಅವರಲ್ಲ. ಆದರೆ ಎಂಟು ವರ್ಷ ಆಳಿದ ನಗರಾಡಳಿತದ ಬಳಿ ತನ್ನ ರಸ್ತೆಯಡಿ ಏನು ಹರಿಯುತ್ತಿದೆ ಎಂಬ ಸರಿಯಾದ ನಕ್ಷೆ ಆ ರಾತ್ರಿ ಕೈಗೆ ಸಿಗಲಿಲ್ಲ. ಇದನ್ನು ನಾನು ಸುಲಭವಾಗಿ ಮನ್ನಿಸಲಾರೆ.

ದುಡಿಮೆ

ಪೈಪುಗಾರರೇ, ಇಷ್ಟು ಚೆನ್ನಾಗಿ ವಿವರಿಸಿದ್ದಕ್ಕೆ ಧನ್ಯವಾದ. ಮುಂದೇನಾಯಿತು?

ಪೈಪುಗಾರ

ಒಬ್ಬ ಉಪಮೇಯರ್, ಕೆಲವು ಇಲಾಖಾ ಮುಖ್ಯಸ್ಥರು ಆಗಸ್ಟ್‌ನಲ್ಲೇ ರಾಜೀನಾಮೆ ಕೊಟ್ಟರು. ಮುಖ್ಯ ರಸ್ತೆಗಳನ್ನು ನವೆಂಬರ್‌ನಲ್ಲಿ ಚುನಾವಣೆಗೆ ಮೊದಲೇ ಮತ್ತೆ ತೆರೆದರು. ಆ ವೇಗ ಮಾತ್ರ ಮೆಚ್ಚತಕ್ಕದ್ದು. 2015ರಲ್ಲಿ ನಗರ ತನ್ನದೇ ಕಾನೂನು ಮಾಡಿತು: ಕಾರ್ಖಾನೆ ಕೊಳವೆಯ ಮಾಲೀಕರು ಪ್ರತಿವರ್ಷ ನಿರ್ವಹಣಾ ಯೋಜನೆ ಸಲ್ಲಿಸಬೇಕು, ಮತ್ತು ಕಂಪನಿಯ ಮುಖ್ಯ ಕಚೇರಿ ಕಾವೊಶುಂಗ್‌ಗೆ ಬರಬೇಕು. ಈ ಎರಡನೆಯದು ಎಂಜಿನಿಯರಿಂಗ್ ಅಲ್ಲ, ರಾಜಕೀಯ.

ಕಡಲತಡಿ

ರಾಜಕೀಯವೇ, ಆದರೆ ನ್ಯಾಯವಾದ ರಾಜಕೀಯ. ಉಕ್ಕು, ತೈಲ ಶುದ್ಧೀಕರಣ, ಪೆಟ್ರೊಕೆಮಿಕಲ್ ಎಲ್ಲದರ ಹೊಗೆ ಕಾವೊಶುಂಗ್‌ನವರ ಎದೆಗೂಡಿಗೆ, ಮುಖ್ಯ ಕಚೇರಿಯೂ ತೆರಿಗೆಯ ಲೆಕ್ಕವೂ ತೈಪೆಗೆ. ದಕ್ಷಿಣದವರ ಈ ಸಂಕಟ ಚೆನ್ ಚು ಅವರಿಗಿಂತ ಹಳೆಯದು. ಉತ್ತರದ ಯಿಲಾನಿನಿಂದ ಬಂದ ಹೊರಗಿನವರು ಅದನ್ನು ತಮ್ಮ ದನಿಯಾಗಿಸಿಕೊಂಡದ್ದೇ ಅವರ ಗೆಲುವಿನ ಗುಟ್ಟು ಎಂದು ನನ್ನ ಅನಿಸಿಕೆ. ಜಪಾನಿನ ವ್ಯಂಗ್ಯಚಿತ್ರ ಸರಣಿಯೊಂದರ ಗುಂಗುರು ಕೂದಲಿನ ಗೃಹಿಣಿಯನ್ನು ಹೋಲುತ್ತಾರೆಂದು ಜನ ಅವರನ್ನು 'ಹುವಾ ಮಾ' ಎಂದು ಕರೆಯುತ್ತಿದ್ದರು, 'ಮಾ' ಎಂದರೆ ಅಮ್ಮ. ನಗರಾಡಳಿತ ಆ ಮುಖದ ಗೊಂಬೆಗಳನ್ನೂ ಮಾಡಿಸಿತ್ತು.

2014ರ ನವೆಂಬರ್ 29ರ ಫಲಿತಾಂಶ: 9,93,300 ಮತ, ಶೇ 68.09. ಎದುರಾಳಿ ಅದೇ ಯಾಂಗ್ ಚಿಯು-ಶಿಂಗ್, ಈ ಬಾರಿ ಕುವೊಮಿಂಟಾಂಗ್ ಟಿಕೆಟ್‌ನಲ್ಲಿ. ಆ ವರ್ಷ ಮಾರ್ಚ್‌ನಲ್ಲಿ ವಿದ್ಯಾರ್ಥಿಗಳು ಸಂಸತ್ತನ್ನೇ ಹಿಡಿದು ಕುಳಿತಿದ್ದರು, ದೇಶದಾದ್ಯಂತ ಕುವೊಮಿಂಟಾಂಗ್ ವಿರುದ್ಧ ಗಾಳಿ ಬೀಸಿತ್ತು, ಅದೂ ನಿಜ.

ಲೆಕ್ಕಪತ್ರ

ರಸ್ತೆ ಸಿಡಿದು 32 ಜನ ಸತ್ತ ನಾಲ್ಕು ತಿಂಗಳಿಗೆ ಶೇ 68. ನಾಲ್ಕು ವರ್ಷದ ನಂತರ ಅದೇ ಊರು ಕುವೊಮಿಂಟಾಂಗ್‌ನ ಹಾನ್ ಕುವೊ-ಯು ಅವರಿಗೆ 8,92,545 ಮತ ಕೊಟ್ಟು, ದುಡಿಮೆಯವರು ನೆನಪಿಡಿ ಎಂದ ಚೆನ್ ಚಿ-ಮಾಯ್ ಅವರನ್ನು 7,42,239ಕ್ಕೆ ನಿಲ್ಲಿಸಿತು. 20 ವರ್ಷದ ಡಿಪಿಪಿ ಕೋಟೆ. ಹಾನ್ ಏನು ಹೇಳಿದರು? ಕಾವೊಶುಂಗ್ ಮುದಿಯಾಗಿದೆ, ಬಡವಾಗಿದೆ. ಸರಕು ಹೊರಗೆ ಹೋಗಬೇಕು, ಜನ ಒಳಗೆ ಬರಬೇಕು, ಊರು ಶ್ರೀಮಂತವಾಗಬೇಕು. ಅಷ್ಟೇ. 30,000 ಕೋಟಿ ತೈವಾನ್ ಡಾಲರ್ ಸಾಲ ಎಂದು ಪ್ರತಿ ಸಭೆಯಲ್ಲಿ ವಿರೋಧಿಗಳು ಬಡಿದರು. ಆ ಅಂಕಿಯನ್ನು ಹೇಗೆ ಕೂಡಿದರು ಎಂಬ ಜಗಳ ಬೇರೆ, ಸಾಲ ದೇಶದ ನಗರಗಳಲ್ಲೇ ಅತಿ ಭಾರದ ಸಾಲಿನಲ್ಲಿತ್ತು ಎಂಬುದರಲ್ಲಿ ಜಗಳವಿಲ್ಲ. ಆಗಸ್ಟ್‌ನ ಮಳೆಗೆ ರಸ್ತೆ ತುಂಬ ಗುಂಡಿ ಬಿದ್ದಿದ್ದವು, ಅದೂ ಪ್ರಚಾರದ ಸರಕಾಯಿತು. ಮೆಟ್ರೊ, ಕಲಾಕೇಂದ್ರ, ತಂತಿಯಿಲ್ಲದೆ ಓಡುವ ಟ್ರಾಮ್ ಎಲ್ಲ ಚೆಂದ. ಓದಿದ ಮಕ್ಕಳು ಕೆಲಸ ಹುಡುಕಿ ತೈಪೆಗೆ ಹೋಗುವುದು ನಿಂತಿತೇ?

ಹಿನ್ನೀರು

ಕೊನೆಗೆ ನೀವೇ ನನ್ನ ಪಕ್ಷಕ್ಕೆ ಬಂದಿರಿ. ಗುಂಡಿ, ಸಾಲ, ಕೆಲಸ. ನಾನು ಮೊದಲ ಬರಹದಲ್ಲಿ ಹೇಳಿದ್ದು ಇದನ್ನೇ.

ಒಂದು ತಿದ್ದುಪಡಿ: ಆ ಚುನಾವಣೆಯಲ್ಲಿ ಚೆನ್ ಚು ಅಭ್ಯರ್ಥಿಯೂ ಅಲ್ಲ, ಮೇಯರ್ ಕೂಡ ಅಲ್ಲ. 2018ರ ಏಪ್ರಿಲ್‌ನಲ್ಲೇ ತ್ಸಾಯ್ ಇಂಗ್-ವೆನ್ ಅವರ ಅಧ್ಯಕ್ಷೀಯ ಕಚೇರಿಯ ಮಹಾ ಕಾರ್ಯದರ್ಶಿಯಾಗಿ ತೈಪೆಗೆ ಹೋಗಿದ್ದರು. ಆದರೂ ಬಾಣ ಬಿದ್ದದ್ದು ಅವರ ಮೇಲೆಯೇ. ಕುವೊಮಿಂಟಾಂಗ್ ಅಧ್ಯಕ್ಷ ವು ತುನ್-ಯಿ ಬಹಿರಂಗ ಸಭೆಯಲ್ಲಿ ಅವರನ್ನು ಕೊಬ್ಬಿದ ಹೆಣ್ಣುಹಂದಿಗೆ ಹೋಲಿಸಿದರು. ಈ ವು ಕೂಡ ಒಂದು ಕಾಲದ ಕಾವೊಶುಂಗ್ ಮೇಯರ್, 1998ರಲ್ಲಿ ಶಿಯೆ ಎದುರು ಸೋತವರು. ಅಷ್ಟು ಹಳೆಯ ಕಹಿ. ಆ ಮಾತಿಗೆ ಛೀಮಾರಿ ಬಿತ್ತು, ಆದರೂ ಗೆದ್ದದ್ದು ಅವರ ಪಕ್ಷವೇ.

ದಾರಿಹೋಕ

ಹಾನ್ ಎಂದರೆ ಮೇಯರ್ ಆಗಿ ಕೆಲವೇ ತಿಂಗಳಿಗೆ ಅಧ್ಯಕ್ಷ ಪದವಿಗೆ ಹಾರಿದವರು ಅಲ್ಲವೇ?

ಕಡಲತಡಿ

ಅವರೇ. 2020ರ ಜನವರಿಯಲ್ಲಿ ತ್ಸಾಯ್ ಎದುರು ಸೋತರು. ಜೂನ್ 6ರಂದು ಕಾವೊಶುಂಗ್ ಜನ ಮೇಯರ್ ಕುರ್ಚಿಯಿಂದಲೂ ವಾಪಸ್ ಕರೆಸಿದರು: ಇಳಿಸಿ ಎಂದವರು 9,39,090, ಬೇಡ ಎಂದವರು 25,051, ಅವರ ಬೆಂಬಲಿಗರು ಹೆಚ್ಚಿನವರು ಮತಗಟ್ಟೆಗೇ ಹೋಗಲಿಲ್ಲ. ಇಳಿಸಲು ಬಿದ್ದ ಮತ ಅವರನ್ನು ಗೆಲ್ಲಿಸಿದ ಮತಕ್ಕಿಂತ ಹೆಚ್ಚು. ಆಗಸ್ಟ್‌ನ ಉಪಚುನಾವಣೆಯಲ್ಲಿ ಚೆನ್ ಚಿ-ಮಾಯ್ ಶೇ 70 ಮತದಿಂದ ಬಂದರು. ಹಾನ್ ಮುಗಿದರು ಎಂದುಕೊಂಡವರಿಗೆ ಉತ್ತರವಾಗಿ 2024ರ ಫೆಬ್ರುವರಿಯಲ್ಲಿ ಸಂಸತ್ತಿನ ಸ್ಪೀಕರ್ ಆದರು. ಅವರದ್ದು ಬೇರೆಯೇ ಚರ್ಚೆ, ಇಲ್ಲಿ ತುರುಕುವುದು ಬೇಡ.

ದುಡಿಮೆ

ಚೆನ್ ಚು ಕಡೆಗೆ ಬಂದರೆ, 2020ರ ಆಗಸ್ಟ್ 1ರಂದು ಅವರು ಕಂಟ್ರೋಲ್ ಯುಆನ್ ಅಧ್ಯಕ್ಷೆಯಾದರು. ಅಧಿಕಾರಿಗಳ ತಪ್ಪು ಹಿಡಿದು ದೋಷಾರೋಪ ಹೊರಿಸುವ ಸಂಸ್ಥೆ ಅದು, ನಮ್ಮ ಲೋಕಾಯುಕ್ತ ಮತ್ತು ಮಹಾಲೇಖಪಾಲರನ್ನು ಒಂದೇ ಸೂರಿನಡಿ ಕೂರಿಸಿದಂತೆ. ಹೊಸದಾಗಿ ಹುಟ್ಟಿದ ರಾಷ್ಟ್ರೀಯ ಮಾನವ ಹಕ್ಕು ಆಯೋಗದ ಮೊದಲ ಅಧ್ಯಕ್ಷೆಯೂ ಅವರೇ. ಕೈದಿಗಳ ಪಟ್ಟಿ ಕದ್ದು ಹೊರದೇಶಕ್ಕೆ ಕಳುಹಿಸುತ್ತಿದ್ದವರಿಗೆ ಆ ಕುರ್ಚಿ ಸಿಕ್ಕಿದ್ದು ನನಗೆ ಸರಿಯೆನಿಸಿತು.

ಲೆಕ್ಕಪತ್ರ

ಮಾನವ ಹಕ್ಕು ಆಯೋಗ ಸರಿ, ಅದಕ್ಕೆ ಅವರಿಗಿಂತ ಅರ್ಹರು ಕಡಿಮೆ. ಕಂಟ್ರೋಲ್ ಯುಆನ್ ಸರಿಯಲ್ಲ. ಅವರ ನಗರಾಡಳಿತದ ವಿರುದ್ಧವೇ ಆ ಸಂಸ್ಥೆ ಹಲವು ಬಾರಿ ಆಕ್ಷೇಪ ದಾಖಲಿಸಿತ್ತು. ಬರೆಸಿಕೊಂಡವರೇ ಬರೆಯುವವರ ಮೇಲಧಿಕಾರಿ. ಅವರ ನೇಮಕ ವಿರೋಧಿಸಿ ಆ ಜೂನ್‌ನಲ್ಲಿ ಕುವೊಮಿಂಟಾಂಗ್ ಸದಸ್ಯರು ಬಾಗಿಲಿಗೆ ಸರಪಳಿ ಬಿಗಿದು ಸಂಸತ್ತಿನ ಸಭಾಂಗಣದಲ್ಲಿ ಕುಳಿತದ್ದು ಅತಿರೇಕ, ಆದರೆ ಅವರ ಪ್ರಶ್ನೆ ಅತಿರೇಕವಲ್ಲ. ಇನ್ನೂ ತಮಾಷೆ ಎಂದರೆ ಆ ಸಂಸ್ಥೆಯನ್ನೇ ರದ್ದುಮಾಡಬೇಕು ಎಂಬುದು ಡಿಪಿಪಿಯ ಹಳೆಯ ನಿಲುವು.

ಹಿನ್ನೀರು

ಅದನ್ನು ಅವರೂ ಒಪ್ಪಿದ್ದರು. ತಾನೇ ಕೊನೆಯ ಅಧ್ಯಕ್ಷೆಯಾಗಲಿ ಎಂಬ ಮಾತನ್ನು ನೇಮಕದ ಹೊತ್ತಿಗೇ ಆಡಿದ್ದರು. ರದ್ದು ಮಾಡಲು ಸಂವಿಧಾನ ತಿದ್ದಬೇಕು, ಅದಕ್ಕೆ ಸಂಸತ್ತಿನ ನಾಲ್ಕನೇ ಮೂರರಷ್ಟು ಬೆಂಬಲದ ಮೇಲೆ ಜನಮತವೂ ಬೇಕು. ಆಗದ ಮಾತೆಂದು ಗೊತ್ತಿದ್ದೇ ಹೇಳಿದರೇ ಎಂದು ನೀವು ಕೇಳಬಹುದು. ಕೇಳಿ, ನನಗೂ ಅದೇ ಅನುಮಾನ.

ಪೈಪುಗಾರ

ನಾಳೆ ಬೆಳಿಗ್ಗೆ ಕೆಲಸವಿದೆ, ಒಂದೇ ಮಾತು. ಬೆನ್‌ಹೆಯ ಆ ಹೊಂಡದ ಸಾಮರ್ಥ್ಯ, ಒಳಹರಿವಿನ ವಿನ್ಯಾಸದ ವಿವರ ಯಾರ ಬಳಿಯಾದರೂ ಇದ್ದರೆ ಇಲ್ಲಿ ಹಾಕಿ. ಚುನಾವಣೆಯ ಅಂಕಿಅಂಶ ಸಾಕಷ್ಟಾಯಿತು.